ಗರಡಿಯ ಸಾಮಾನು, ಫಸಲಿ ಸನ: ಕಲಬುರಗಿಯಲ್ಲಿ ಕ್ರೀಡಾ ಸಂಗ್ರಹ ಕಾಪಾಡುವ ನಮ್ಮ ಕ್ರಮ

ಹಳೆಯ ಕ್ರೀಡಾ ಸಾಮಾನು ಕೂಡಿಸುತ್ತಿದ್ದೇವೆಂದು ತಿಳಿದರೆ ಕಲಬುರಗಿ ಸೀಮೆಯ ಮನೆಗಳಿಂದ ಮೊದಲು ಬರುವುದು ಕುಸ್ತಿಯದು: ಬೆಳ್ಳಿ ಕಡಗ, ಗದೆ, ಮರದ ಮುದ್ಗರ, ಉರ್ದುವಿನ ಸರ್ಟಿಫಿಕೇಟು. ಯಾವುದನ್ನೂ ಬಂದ ಕೂಡಲೇ ತೊಳೆಯುವುದಿಲ್ಲ. ಯಾರದು, ಯಾವ ಜಾತ್ರೆಯಲ್ಲಿ ಗೆದ್ದದ್ದು ಎಂದು ತಂದವರ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ದಾನಪತ್ರಕ್ಕೆ ಸಹಿಯಾದ ಮೇಲೆ ನಂಬರು. ಈ ವಿವರ ಇಲ್ಲದ ಕಡಗ ಬರೀ ತೂಕದ ಬೆಳ್ಳಿ.

ನಮ್ಮ ಭಾಗದಲ್ಲಿ ನಿಜವಾದ ಕಷ್ಟ ಇಸವಿಯದು. ನಿಜಾಮರ ಕಾಲದ ಕಾಗದದಲ್ಲಿ ಫಸಲಿ ಸನ, ಅಂದರೆ ಕಂದಾಯದ ಲೆಕ್ಕದ ವರ್ಷ, ಇರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ, ಆಜರ್ ತಿಂಗಳಿಂದ ಶುರು. ಇಸವಿ ಸಿಗಬೇಕಾದರೆ ಫಸಲಿ ಸನಕ್ಕೆ, ತಾರೀಖು ಡಿಸೆಂಬರ್ ಒಳಗಿನದಾದರೆ 590 ಕೂಡಿಸಬೇಕು, ಜನವರಿಯಿಂದ ಮುಂದಿನದಾದರೆ 591. 1357 ಫಸಲಿಯ ಬೇಸಿಗೆ ಎಂದರೆ 1948. ಅದನ್ನೇ ಹಿಜರಿ ಎಂದು ಓದಿದರೆ 1938ಕ್ಕೆ ಹೋಗಿ ಬೀಳುತ್ತೇವೆ, ಪೈಲ್ವಾನರ ಒಂದು ತಲೆಮಾರೇ ಅದಲುಬದಲು. ಆದ್ದರಿಂದ ಅಂಕಿಯ ಪಕ್ಕದ ಉರ್ದು ಅಕ್ಷರ ‘ಫೆ’ಯೋ ‘ಹೆ’ಯೋ ನೋಡಿ, ಅದು ಮಾಸಿದ್ದರೆ ತಿಂಗಳ ಹೆಸರು ಹುಡುಕಿ. ಆಜರ್, ದೈ, ಬಹಮನ್ ಇದ್ದರೆ ಫಸಲಿ. ಮೊಹರಂ, ರಂಜಾನ್ ಇದ್ದರೆ ಹಿಜರಿ. ಮೂಲದಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆದು, ಲೆಕ್ಕ ಹಾಕಿದ ಇಸವಿಯನ್ನು ಬೇರೆ ಕಾಲಮಿನಲ್ಲಿ ಇಡುತ್ತೇವೆ. ಊರಿನ ಹೆಸರಿಗೂ ಇದೇ ಕ್ರಮ: ಪದಕದ ಮೇಲೆ ಗುಲ್ಬರ್ಗಾ ಎಂದಿದ್ದರೆ ರಿಜಿಸ್ಟರಿನಲ್ಲೂ ಗುಲ್ಬರ್ಗಾ, ಹುಡುಕುವವರಿಗೆ ಪಕ್ಕದಲ್ಲಿ ಕಲಬುರಗಿ.

ಮುದ್ಗರಕ್ಕೆ ಶತ್ರು ಕೊರೆಹುಳು. ತೂತು ಕಂಡ ಮಾತ್ರಕ್ಕೆ ಹುಳು ಒಳಗಿದೆ ಎಂದಲ್ಲ. ಕಪ್ಪು ಕಾಗದದ ಮೇಲೆ ಎರಡು ವಾರ ಇಟ್ಟು, ಹೊಸದಾಗಿ ಹಿಟ್ಟಿನಂಥ ಪುಡಿ ಉದುರಿದರೆ ಮಾತ್ರ ಮದ್ದು. ಎರಡು ಪದರ ಪಾಲಿಥೀನ್ ಸುತ್ತಿ, ಗಾಳಿ ಹಿಂಡಿ, ಟೇಪು ಹಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ 24 ತಾಸು ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಮರದ ಮೇಲೆ ಹನಿಗಟ್ಟುತ್ತದೆ. ಬಣ್ಣ ಬಳಿದದ್ದನ್ನೂ ಲೋಹದ ಪಟ್ಟಿ ಬಡಿದದ್ದನ್ನೂ ಫ್ರೀಜರಿಗೆ ಹಾಕುವುದಿಲ್ಲ. ಹಿಡಿಕೆಯಲ್ಲಿ ಬೆವರು, ಎಣ್ಣೆ, ಕೆಂಪು ಮಣ್ಣು ಸೇರಿ ಕಪ್ಪಾದ ಜಾಗವನ್ನು ದಯವಿಟ್ಟು ಉಜ್ಜಬೇಡಿ. ಅಂಗೈ ಎಲ್ಲಿ ಕೂಡುತ್ತಿತ್ತು ಎಂದು ಹೇಳುವುದು ಅದೊಂದೇ. ಒಣ ಮೆತ್ತನೆಯ ಬ್ರಶ್ ಸಾಕು.

ಬೆಳ್ಳಿಗೆ ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಮೂರೂ ಬೇಡ. ಕೆತ್ತಿದ ಅಕ್ಷರ ಸವೆಯುತ್ತದೆ, ಬರೀ ಬೆಳ್ಳಿಯ ಲೇಪ ಹಾಕಿದ್ದಾದರೆ ಒಳಗಿನ ಹಿತ್ತಾಳೆಯೇ ಎದ್ದು ಬರುತ್ತದೆ. ರಬ್ಬರ್ ಬ್ಯಾಂಡ್ ಮತ್ತು ಉಣ್ಣೆಯಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆ ಜಿಪ್ ಚೀಲಕ್ಕೆ ಹಾಕುತ್ತೇವೆ. ಕಡಗದ ಒಳಮೈಗೆ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳವನ್ನು ತೆಳುವಾಗಿ ಬಳಿದು, ಮೇಲೆ ಶಾಯಿಯ ನಂಬರು, ಮತ್ತೊಂದು ಪದರ. ಬೇಕೆಂದಾಗ ಅಸಿಟೋನಿನಿಂದ ಬಿಡಿಸಬಹುದು.

ಫೋಟೋ ಲ್ಯಾಮಿನೇಟ್ ಮಾಡಿಸಬೇಡಿ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಹೆದರಿ ಸಂಗ್ರಹದ ಕೋಣೆಗೆ ನೀರಿನ ಕೂಲರ್ ಕೂಡಿಸುವುದೂ ಬೇಡ: ಕೂಲರಿನ ತೇವಕ್ಕೆ ಫೋಟೋಗಳು ಒಂದಕ್ಕೊಂದು ಅಂಟುತ್ತವೆ, ಕೂಲರ್ ನಿಂತ ರಾತ್ರಿ ಒಣಗಿ ಸುರುಳುತ್ತವೆ. ಕಿಟಕಿಗೆ ದಪ್ಪ ಪರದೆ, ಗೋಡೆಯಿಂದ ಒಂದು ಗೇಣು ದೂರ ಕಪಾಟು, ತೇವ ಅಳೆಯುವ ಮೀಟರು. ತೇವ ಶೇ. 55 ದಾಟಿದರೆ ಸಿಲಿಕಾ ಜೆಲ್ ಬದಲಿಸುತ್ತೇವೆ.