ಕೀಮೋ ನಂತರ ಮನೆಯಲ್ಲಿ: ಫೋನಿನಲ್ಲಿ ಲಕ್ಷಣಗಳ ಲೆಕ್ಕ ಇಡುವುದು ಹೇಗೆ?

ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡು ಮನೆಗೆ ಹೋದವರನ್ನು ಮುಂದಿನ ಭೇಟಿಯಲ್ಲಿ 'ಹೇಗಿದ್ರಿ?' ಎಂದು ಡಾಕ್ಟರು ಕೇಳಿದರೆ 'ಪರವಾಗಿಲ್ಲ ಸರ್' ಅನ್ನುವವರೇ ಜಾಸ್ತಿ. ನಡುವೆ ಎರಡು ದಿನ ಗಂಜಿಯೂ ಇಳಿಯದೆ ಮಲಗಿದ್ದು ಅಷ್ಟರಲ್ಲಿ ಮರೆತುಹೋಗಿರುತ್ತದೆ. ಹಾಗಾಗಬಾರದು ಅಂದರೆ ಅಂದಂದಿನದು ಅಂದೇ ಬರೆದಿಡಬೇಕು.

ಮೊದಲು, ಡಿಸ್ಚಾರ್ಜ್ ಆಗುವಾಗಲೇ ರಾತ್ರಿ ಹೊತ್ತು ಫೋನ್ ಎತ್ತುವ ನಂಬರ್ ಯಾವುದು ಎಂದು ಕೇಳಿ. ಮನೆಯವರೆಲ್ಲರ ಫೋನಿನಲ್ಲೂ ಅದನ್ನು ಸೇವ್ ಮಾಡಿ.

ಆಮೇಲೆ ಆ್ಯಪ್. ಆಸ್ಪತ್ರೆಯದೇ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಫೋನಿನ ನೋಟ್ಸ್ ಸಾಕು. ಕಾಂಟ್ಯಾಕ್ಟ್, ಫೋಟೋ ಎಲ್ಲದಕ್ಕೂ ಅನುಮತಿ ಕೇಳಿ, ಕೊನೆಗೆ ಇಮ್ಯುನಿಟಿ ಪುಡಿ ಮಾರುವ ಆ್ಯಪ್‌ಗಳನ್ನು ಹಾಕಿಕೊಳ್ಳಲೇಬೇಡಿ.

ದಿನಾ ಒಂದೇ ಹೊತ್ತಿಗೆ ಬರೆಯಿರಿ: ವಾಂತಿ ಎಷ್ಟು ಸಲ, ಭೇದಿ ಎಷ್ಟು ಸಲ, ಎಷ್ಟು ಲೋಟ ನೀರು, ನೋವು 0ರಿಂದ 10ರಲ್ಲಿ ಎಷ್ಟು. 'ಸ್ವಲ್ಪ ಸುಸ್ತು' ಎಂದು ಬರೆದರೆ ಏನೂ ತಿಳಿಯುವುದಿಲ್ಲ. 'ಬಚ್ಚಲಿಗೆ ಹೋಗಲೂ ಆಗಲಿಲ್ಲ' ಎಂದು ಬರೆಯಿರಿ.

ಹೆಚ್ಚಿನವರು ಎಡವುವುದು ಜ್ವರದಲ್ಲಿ. ಹಲವು ಕೀಮೋ ಔಷಧಿಗಳಲ್ಲಿ 7ರಿಂದ 14ನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಕಡಿಮೆಯಾಗುತ್ತದೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ತರಬಹುದು. ಹಣೆ ಮುಟ್ಟಿ ನೋಡಿದರೆ ಸಾಲದು. ಸ್ಮಾರ್ಟ್‌ವಾಚ್ ತೋರಿಸುವ ಉಷ್ಣತೆಯನ್ನೂ ನಂಬಬೇಡಿ. ಮಾಮೂಲಿ ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆ ಕೆಳಗೆ, ಹಿಂಬದಿಗೆ ಇಟ್ಟು ಬಾಯಿ ಮುಚ್ಚಿ, ಬೀಪ್ ಬರುವವರೆಗೆ ಕಾಯಿರಿ. ಕಾಫಿ ಅಥವಾ ತಣ್ಣೀರು ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. ಬಾಯಿಹುಣ್ಣಿದ್ದರೆ ಕಂಕುಳಲ್ಲಿ ನೋಡಿ, ಹಾಗೆಂದು ಬರೆದಿಡಿ. ಗುದದ್ವಾರದಲ್ಲಿ ಮಾತ್ರ ಇಡಬಾರದು.

100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೇ? ಬೆಳಗಾಗಲಿ ಅನ್ನಬೇಡಿ, ಕೂಡಲೇ ಫೋನ್ ಮಾಡಿ. ಕೇಳದೆ ಪ್ಯಾರಾಸಿಟಮಾಲ್ ಕೊಡಲೇಬಾರದು. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತಿರುತ್ತದೆ. ಜ್ವರವಿಲ್ಲದೆ ಬರೀ ನಡುಕ ಬಂದರೂ ಫೋನ್ ಮಾಡಬೇಕು.

ಬಾಯಿಹುಣ್ಣು, ಅಂಗೈ ಸುಲಿತ, ಗುಳ್ಳೆ ಇದ್ದರೆ ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಬ್ಯೂಟಿ ಫಿಲ್ಟರ್ ಆಫ್ ಇರಲಿ.

ಇನ್ನು, ಬರೆದದ್ದು ಫೋನಿನಲ್ಲೇ ಉಳಿದರೆ ಏನು ಬಂತು? ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾ. ಈಥನ್ ಬಾಷ್ ತಂಡ 766 ರೋಗಿಗಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಲಕ್ಷಣಗಳನ್ನು ಆನ್‌ಲೈನಿನಲ್ಲಿ ತಿಳಿಸುತ್ತಿದ್ದವರು ಹಾಗೆ ತಿಳಿಸದವರಿಗಿಂತ ಸುಮಾರು 5 ತಿಂಗಳು ಹೆಚ್ಚು ಬದುಕಿದ್ದರು. ಅಲ್ಲಿ ತೊಂದರೆ ಜಾಸ್ತಿಯಾದ ಕೂಡಲೇ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. ನಮ್ಮಲ್ಲಿ ಆ ಕೆಲಸ ಮನೆಯವರೇ ಮಾಡಬೇಕು. ಮಾಮೂಲಿ ವಿಷಯಕ್ಕೆ ವಾಟ್ಸಾಪ್ ಸಾಕು. ಜ್ವರ, ಉಸಿರುಗಟ್ಟುವುದು, ರಕ್ತಸ್ರಾವ, ನಿಲ್ಲದ ವಾಂತಿಗೆ ಕರೆಯೇ ಮಾಡಬೇಕು. ಮೆಸೇಜಿನ ನೀಲಿ ಟಿಕ್ ಕಾಯುತ್ತಾ ಕೂರಬೇಡಿ. ಗಾಬರಿಯಲ್ಲಿ ಮಾತು ತಡವರಿಸುತ್ತದೆ, ಅಲ್ವಾ? ಬರೆದದ್ದನ್ನೇ ಓದಿ ಹೇಳಿ: 'ಕೀಮೋ ಆಗಿ 9ನೇ ದಿನ. ರಾತ್ರಿ 8ಕ್ಕೆ ಜ್ವರ 100.6. ಚಳಿ ಇದೆ. ಮಾತ್ರೆ ಕೊಟ್ಟಿಲ್ಲ. ಈಗಲೇ ಕರೆತರಬೇಕಾ?'