ಕಾಗದ ಯಾರ ಕೈಯಲ್ಲಿದೆ: ಪುಸ್ತಕಗಳಲ್ಲಿ ಬ್ರೆಜಿಲನ್ನು ಓದಿದ ನನ್ನ ಅನುಭವ

ಬ್ರೆಜಿಲ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಹಿಮದ ಸುದ್ದಿಯಾಗಿ. 1994ರ ಜೂನ್ ಕೊನೆಯಲ್ಲಿ ಒಮ್ಮೆ, ಜುಲೈನಲ್ಲಿ ಮತ್ತೊಮ್ಮೆ ಅಲ್ಲಿನ ಕಾಫಿ ಸೀಮೆಯ ಮೇಲೆ ಹಿಮ ಬಿದ್ದು ಗಿಡಗಳು ಕರಕಲಾದವು. ಅದೇ ಜುಲೈನಲ್ಲಿ ಆ ದೇಶ ಫುಟ್‌ಬಾಲ್ ವಿಶ್ವಕಪ್ಪನ್ನೂ ಗೆದ್ದಿತಾದರೂ ಸಕಲೇಶಪುರದ ಕಡೆಯ ನಮ್ಮಂಥ ಸಣ್ಣ ಬೆಳೆಗಾರರ ಮನೆಗಳಲ್ಲಿ ಮಾತೆಲ್ಲ ಹಿಮದ ಸುತ್ತಲೇ ಇತ್ತು. ಕಾಫಿ ಮಂಡಳಿಯ ಹಿಡಿತ ಸಡಿಲಗೊಂಡು ಮುಕ್ತ ಮಾರಾಟಕ್ಕೆ ದಾರಿ ತೆರೆಯುತ್ತಿದ್ದ ಕಾಲವಾದ್ದರಿಂದ ಏರಿದ ಹೊರಗಿನ ಬೆಲೆ ನಮ್ಮ ಕಣದವರೆಗೂ ಬಂತು; ಹೆಂಚಿನ ಮನೆಗೆ ಒತ್ತಿಕೊಂಡು ಎರಡು ಇಟ್ಟಿಗೆಯ ಕೋಣೆಗಳು ಎದ್ದವು. ಅಪ್ಪ ಅವುಗಳನ್ನು ಇಂದಿಗೂ ‘ಬ್ರೆಜಿಲ್ ರೂಮು’ ಎಂದೇ ಕರೆಯುತ್ತಾರೆ. ಯಾರದೋ ತೋಟ ಸುಟ್ಟದ್ದರಿಂದ ಕಟ್ಟಿದ ಕೋಣೆಯಲ್ಲಿ ಓದಿ ಬೆಳೆದವನಿಗೆ ಆ ಯಾರೋ ಯಾರು ಎಂದು ತಿಳಿಯಬೇಕೆನ್ನಿಸಿದ್ದು ತೀರ ತಡವಾಗಿ, ನಲವತ್ತು ದಾಟಿದ ಮೇಲೆ.

ಆರಂಭ ತಪ್ಪಿತು. ದೇಶವನ್ನು ಅರಿಯಲು ಅದರ ಬಗೆಗಿನ ದೊಡ್ಡ ಸಿದ್ಧಾಂತವನ್ನೇ ಮೊದಲು ಓದಬೇಕೆಂದು ನಂಬಿ, ಗಿಲ್ಬರ್ತೊ ಫ್ರೇರಿ 1933ರಲ್ಲಿ ಪ್ರಕಟಿಸಿದ, ಧಣಿಯ ದೊಡ್ಡಮನೆ ಮತ್ತು ಗುಲಾಮರ ವಸತಿಯನ್ನು ಕುರಿತ ಗ್ರಂಥವನ್ನು ಹಿಡಿದೆ. ಅಡುಗೆ, ಹಾಡು, ಮಕ್ಕಳನ್ನು ಆಡಿಸುವ ಮಾತು ಎಲ್ಲವನ್ನೂ ಆತ ಎಷ್ಟು ಸೊಗಸಾಗಿ ಬೆಸೆಯುತ್ತಾನೆಂದರೆ, ಅಲ್ಲಿನ ಗುಲಾಮಗಿರಿ ಉಳಿದೆಡೆಗಿಂತ ಮೃದುವಾಗಿತ್ತೆಂಬ ಭಾವನೆ ಓದುಗನೊಳಗೆ ಮೆಲ್ಲನೆ ಇಳಿದುಬಿಡುತ್ತದೆ, ನನ್ನೊಳಗೂ ಇಳಿಯಿತು. ಅಮೆರಿಕ ಖಂಡಗಳಲ್ಲೇ ಕೊನೆಯದಾಗಿ, 1888ರ ಮೇ 13ರಂದು, ಗುಲಾಮಗಿರಿಯನ್ನು ರದ್ದುಮಾಡಿದ ದೇಶ ಅದೆಂಬ ಸಂಗತಿಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೂ ಅದರ ಭಾರ ನನಗೆ ತಾಗಿರಲಿಲ್ಲ.

ತಾಗಿಸಿದವನು ಮಶಾದೊ ದೆ ಅಸೀಸ್. ಬಿಡುಗಡೆ ಪಡೆದ ಗುಲಾಮರ ಮೊಮ್ಮಗನಾಗಿ 1839ರಲ್ಲಿ ರಿಯೋ ನಗರದ ಒಂದು ಗುಡ್ಡದ ಮೇಲೆ ಹುಟ್ಟಿ, ಮುಂದೆ ಬ್ರೆಜಿಲ್‌ನ ಸಾಹಿತ್ಯ ಅಕಾಡೆಮಿಯ ಮೊದಲ ಅಧ್ಯಕ್ಷನಾದ ಈತನ 1881ರ ಕಾದಂಬರಿಯಲ್ಲಿ ಕಥೆ ಹೇಳುವವನು ಸತ್ತವನು. ತನ್ನ ಶವವನ್ನು ಮೊದಲು ಕೊರೆದ ಹುಳುವಿಗೆ ಕೃತಿಯನ್ನು ಅರ್ಪಿಸುತ್ತಾನೆ. ಈ ಬ್ರಾಸ್ ಕೂಬಾಸ್ ಬಾಲ್ಯದಲ್ಲಿ ಪ್ರುದೆನ್ಸಿಯೊ ಎಂಬ ಗುಲಾಮ ಹುಡುಗನನ್ನು ಕುದುರೆ ಮಾಡಿ, ಬಾಯಿಗೆ ಹಗ್ಗದ ಕಡಿವಾಣ ಹಾಕಿ ಸವಾರಿ ಮಾಡಿದವನು. ಎಷ್ಟೋ ವರ್ಷಗಳ ನಂತರ ರಿಯೋದ ವಲೊಂಗೊ ಪ್ರದೇಶದಲ್ಲಿ ಒಬ್ಬ ಕರಿಯ ಇನ್ನೊಬ್ಬ ಕರಿಯನನ್ನು ಚಾವಟಿಯಿಂದ ಹೊಡೆಯುತ್ತಿರುವುದನ್ನು ಕಾಣುತ್ತಾನೆ. ಹೊಡೆಯುತ್ತಿರುವವನು ಬಿಡುಗಡೆಗೊಂಡ ಪ್ರುದೆನ್ಸಿಯೊ, ಹೊಡೆಸಿಕೊಳ್ಳುತ್ತಿರುವವನು ಅವನೇ ಕೊಂಡುಕೊಂಡ ಗುಲಾಮ. ತಾನು ಪಡೆದದ್ದನ್ನು ಇವನು ಬಡ್ಡಿ ಸಮೇತ ತೀರಿಸುತ್ತಿದ್ದಾನಲ್ಲ ಎಂದು ಸತ್ತವನಿಗೆ ತಮಾಷೆಯೆನಿಸುತ್ತದೆ. ಎರಡು ಪುಟದ ಆ ಅಧ್ಯಾಯ ಮುಗಿದ ಮೇಲೆ ಫ್ರೇರಿಯ ದೊಡ್ಡ ಗ್ರಂಥವನ್ನು ಮೊದಲ ಓದಿನ ಮೋಹದಲ್ಲಿ ಓದುವುದು ನನಗೆ ಸಾಧ್ಯವಾಗಿಲ್ಲ.

ಅದೇ ಕಾದಂಬರಿಯ ಮುನ್ನುಡಿಯಲ್ಲಿ ಬ್ರಾಸ್ ಕೂಬಾಸ್ ತನಗೆ ಹತ್ತು ಓದುಗರು ಸಿಗಬಹುದು, ಹತ್ತೇ, ಬಹುಶಃ ಐದು ಎಂದು ಲೆಕ್ಕ ಹಾಕುತ್ತಾನೆ. ಇದನ್ನು ನಾನು ಬರಿಯ ಚೇಷ್ಟೆ ಎಂದುಕೊಂಡಿದ್ದೆ. ಆದರೆ ಮಶಾದೊ 1876ರ ಒಂದು ಅಂಕಣದಲ್ಲೇ, ದೇಶದ ನೂರಕ್ಕೆ ಎಪ್ಪತ್ತು ಮಂದಿಗೆ ಓದಲು ಬರುವುದಿಲ್ಲವೆಂದ ಮೇಲೆ ‘ರಾಷ್ಟ್ರದ ಇಚ್ಛೆ’ ಎಂಬ ಮಾತಿಗೆ ಅರ್ಥವೇನೆಂದು ಕುಟುಕಿದ್ದ. ಕಾದಂಬರಿ ಹೊರಬಂದ 1881ರಲ್ಲಿಯೇ ಚುನಾವಣಾ ಕಾನೂನು ಬದಲಾಗಿ ಅನಕ್ಷರಸ್ಥರು ಮತದಾನದಿಂದ ಹೊರಗುಳಿಯುವಂತಾಯಿತು. ಆ ಬಾಗಿಲು ಮತ್ತೆ ತೆರೆದದ್ದು 1985ರಲ್ಲಿ. ನೂರು ವರ್ಷಕ್ಕೂ ಮಿಕ್ಕಿ ಅಕ್ಷರವೇ ಪೌರತ್ವವಾಗಿದ್ದ ನಾಡು ಅದು. ಅಂದಿನಿಂದ ಪ್ರತಿ ಪುಸ್ತಕಕ್ಕೂ ಒಂದೇ ಪ್ರಶ್ನೆಯನ್ನು ಟಿಪ್ಪಣಿಯ ತಲೆಯಲ್ಲಿ ಬರೆಯತೊಡಗಿದೆ: ಇದರೊಳಗಿನ ಜನ ಇದನ್ನು ಓದಬಲ್ಲವರಾಗಿದ್ದರೇ?

ಆ ಪ್ರಶ್ನೆಗೆ ಗ್ರಾಸಿಲಿಯಾನೊ ರಾಮೋಸ್‌ನ ‘ಒಣ ಬದುಕುಗಳು’ ಕೊಡುವಷ್ಟು ನೇರ ಉತ್ತರ ಬೇರೆಲ್ಲೂ ಸಿಗಲಿಲ್ಲ. 1938ರ ಈ ಪುಟ್ಟ ಕಾದಂಬರಿ ನಡೆಯುವುದು ಈಶಾನ್ಯ ಬ್ರೆಜಿಲ್‌ನ ಸೆರ್ತಾಂವ್‌ನಲ್ಲಿ, ಎಂದರೆ ಬರ ಬಿದ್ದಾಗಲೆಲ್ಲ ಜನ ಗುಳೆ ಏಳುವ ಒಳನಾಡಿನಲ್ಲಿ. ದನ ಕಾಯುವ ಫಬಿಯಾನೊ, ಹೆಂಡತಿ ವಿತೋರಿಯಾ, ಇಬ್ಬರು ಮಕ್ಕಳು, ಒಂದು ನಾಯಿ. ನಾಯಿಗೆ ‘ತಿಮಿಂಗಿಲ’ ಎಂಬ ಹೆಸರಿದೆ, ಮಕ್ಕಳಿಗೆ ಹೆಸರಿಲ್ಲ. ಪಾಲಿನ ಲೆಕ್ಕ ಚುಕ್ತಾ ಮಾಡುವ ಮುನ್ನ ವಿತೋರಿಯಾ ಬಗೆಬಗೆಯ ಬೀಜಗಳನ್ನು ನೆಲದ ಮೇಲೆ ಹರಡಿ ಕೂಡಿ ಕಳೆದು ಮೊತ್ತ ಹೇಳುತ್ತಾಳೆ. ಧಣಿಯ ಕಾಗದದಲ್ಲಿ ಮೊತ್ತ ಬೇರೆ, ವ್ಯತ್ಯಾಸ ಬಡ್ಡಿಯದು. ಬಿಳಿಯನ ಕಾಗದದಲ್ಲಿ ಏನೋ ತಪ್ಪಿರಬೇಕು ಎಂದು ಫಬಿಯಾನೊ ದನಿ ಎತ್ತುತ್ತಾನೆ, ಬೇರೆ ಕಡೆ ಕೆಲಸ ನೋಡಿಕೋ ಎಂದಾಗ ಕ್ಷಮೆ ಕೇಳಿ ಹಿಂದೆ ಸರಿಯುತ್ತಾನೆ. ಬರೆದವನು ಈ ಕಾಗದವನ್ನು ಎರಡೂ ಕಡೆಯಿಂದ ಕಂಡವನು: ಪಾಲ್ಮೇರಾ ದೋಸ್ ಇಂದಿಯೋಸ್ ಎಂಬ ಊರಿನ ಮೇಯರ್ ಆಗಿ ರಾಜ್ಯಪಾಲರಿಗೆ ಕಳಿಸಿದ ವರದಿಗಳ ಗದ್ಯ ಒಬ್ಬ ಪ್ರಕಾಶಕನ ಕಣ್ಣಿಗೆ ಬಿದ್ದು ಕಾದಂಬರಿಕಾರನಾದ, 1936ರಲ್ಲಿ ಅಂದಿನ ಅಧ್ಯಕ್ಷ ವರ್ಗಾಸ್‌ನ ಆಡಳಿತದ ಕೈಯಲ್ಲಿ ವಿಚಾರಣೆಯೇ ಇಲ್ಲದೆ ಜೈಲಿಗೂ ಹೋದ. ಸರ್ಕಾರಿ ವರದಿಯಿಂದ ಸಾಹಿತಿಯೊಬ್ಬ ಹುಟ್ಟಿದ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ.

ಇದೇ ಒಣನಾಡಿನ ಇನ್ನೊಂದು ಕೃತಿ, ಯೂಕ್ಲಿದೆಸ್ ದ ಕುನ್ಯಾ 1902ರಲ್ಲಿ ಪ್ರಕಟಿಸಿದ ‘ಸೆರ್ತಾಂವ್‌ಗಳು’, ನನ್ನನ್ನು ಎರಡು ಬಾರಿ ಸೋಲಿಸಿತು. ಮೊದಲ ಭಾಗ ಪೂರ್ತಿ ಮಣ್ಣು, ಬಂಡೆ, ಬರ. ಅದನ್ನು ಹಾರಿಸಿ ಯುದ್ಧಕ್ಕೆ ಹೋದೆ, ಏನೂ ಅರ್ಥವಾಗದೆ ಹಿಂದಿರುಗಿ ಬಂದೆ, ಏಕೆಂದರೆ ಆ ಯುದ್ಧದಲ್ಲಿ ನೆಲವೇ ಒಂದು ಪಕ್ಷ. ಅಂತೋನಿಯೊ ಕೊನ್ಸೆಲೇರೊ ಎಂಬ ಅಲೆಮಾರಿ ಸಂತನ ಸುತ್ತ ಬಡವರು ಕಟ್ಟಿಕೊಂಡಿದ್ದ ಕನೂದೊಸ್ ಎಂಬ ಊರನ್ನು ಹೊಸ ಗಣರಾಜ್ಯ ನಾಲ್ಕು ಬಾರಿ ಸೇನೆ ಕಳಿಸಿ 1897ರ ಅಕ್ಟೋಬರ್ 5ರಂದು ನೆಲಸಮ ಮಾಡಿತು. ಕೊನೆಗೆ ಎದುರು ನಿಂತಿದ್ದವರು ಒಬ್ಬ ಮುದುಕ, ಇಬ್ಬರು ಗಂಡಸರು, ಒಬ್ಬ ಹುಡುಗ ಎಂದು ಆತ ಬರೆಯುತ್ತಾನೆ. ಪತ್ರಿಕೆಯ ವರದಿಗಾರನಾಗಿ ಸೇನೆಯ ಜೊತೆ ಹೋದ ಈ ಎಂಜಿನಿಯರ್, ಮಿಶ್ರ ಜನಾಂಗ ಕ್ಷೀಣಿಸುತ್ತದೆಂಬ ಆ ಕಾಲದ ಕೆಟ್ಟ ವಿಜ್ಞಾನವನ್ನು ನಂಬಿದ್ದವನು; ಆದರೂ ಕಣ್ಣಾರೆ ಕಂಡದ್ದನ್ನು ಬರೆಯುವಾಗ ಅವನ ವಾಕ್ಯಗಳೇ ಅವನ ಸಿದ್ಧಾಂತದ ವಿರುದ್ಧ ಸಾಕ್ಷಿ ಹೇಳುತ್ತವೆ. ಈ ಬಿರುಕಿಗಾಗಿಯೇ ಅದನ್ನು ಓದಬೇಕು.

ಕನೂದೊಸ್ ಪಕ್ಕದ ಒಂದು ಗುಡ್ಡಕ್ಕೆ ಅಲ್ಲಿ ಬೆಳೆಯುವ ಗಿಡವೊಂದರಿಂದ ‘ಫವೇಲಾ’ ಎಂಬ ಹೆಸರಿತ್ತು. ಯುದ್ಧದಿಂದ ಮರಳಿದ ಸೈನಿಕರು ರಿಯೋದ ಗುಡ್ಡವೊಂದರ ಮೇಲೆ ಗುಡಿಸಲು ಹಾಕಿಕೊಂಡಾಗ ಆ ಹೆಸರೂ ಅವರೊಂದಿಗೆ ಬಂತು; ಇಂದು ಬ್ರೆಜಿಲ್‌ನ ಕೊಳೆಗೇರಿಗಳೆಲ್ಲಕ್ಕೂ ಅದೇ ಹೆಸರು. ಹಾಗಾಗಿ ಯೂಕ್ಲಿದೆಸ್ ನಂತರ ನಾನು ಕರೋಲಿನಾ ಮರಿಯಾ ದೆ ಜೆಜುಸ್‌ಳನ್ನು ಓದಿದೆ. ಎರಡು ವರ್ಷ ಮಾತ್ರ ಶಾಲೆ ಕಂಡು, ಸಾಂವ್ ಪಾವ್ಲೊದ ಕನಿಂದೆ ಫವೇಲಾದಲ್ಲಿ ಮೂರು ಮಕ್ಕಳೊಂದಿಗೆ ರದ್ದಿ ಆಯ್ದು ಬದುಕುತ್ತಿದ್ದ ಆಕೆ, ಆಯ್ದ ಕಾಗದದಲ್ಲೇ ದಿನಚರಿ ಬರೆಯುತ್ತಿದ್ದಳು. ನೆರೆಯವರು ಕಿರುಕುಳ ಕೊಟ್ಟಾಗ ‘ನಿಮ್ಮನ್ನೆಲ್ಲ ನನ್ನ ಪುಸ್ತಕಕ್ಕೆ ಹಾಕುತ್ತೇನೆ’ ಎಂದು ಗದರಿಸುತ್ತಿದ್ದಳು. ಆ ಗದರಿಕೆ ಕಿವಿಗೆ ಬಿದ್ದ ಪತ್ರಕರ್ತ ಔದಾಲಿಯೊ ದಾಂತಸ್‌ನ ನೆರವಿನಿಂದ 1960ರಲ್ಲಿ ಅದು ನಿಜವಾಗಿಯೂ ಪುಸ್ತಕವಾಯಿತು. ಹಸಿವಿನ ಬಣ್ಣ ಹಳದಿ ಎನ್ನುತ್ತಾಳೆ. ಗುಲಾಮಗಿರಿ ರದ್ದಾಗಿ ಸರಿಯಾಗಿ ಎಪ್ಪತ್ತು ವರ್ಷಕ್ಕೆ, 1958ರ ಮೇ 13ರ ದಿನಚರಿಯಲ್ಲಿ, ಇಂದಿನ ಗುಲಾಮಗಿರಿಯಾದ ಹಸಿವಿನ ಜೊತೆ ತಾನು ಹೋರಾಡಿದೆನೆಂದು ಬರೆಯುತ್ತಾಳೆ. ಅವಳ ಎರಡನೆಯ ಪುಸ್ತಕದ ಹೆಸರು ‘ಇಟ್ಟಿಗೆಯ ಮನೆ’.

ಈ ಇಟ್ಟಿಗೆ ನನ್ನನ್ನು ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆಯ (ಮೊದಲಿನ ಫ್ರೇರಿ ಬೇರೆ) ಬಳಿಗೆ ಒಯ್ದಿತು. ವಯಸ್ಕರಿಗೆ ಅಕ್ಷರ ಕಲಿಸಲು ಅವರದೇ ಬದುಕಿನ ಪದಗಳನ್ನು ಆರಿಸುವ ಆತನ ವಿಧಾನದ ಪ್ರಸಿದ್ಧ ಪದ ‘ತಿಜೋಲೊ’, ಎಂದರೆ ಇಟ್ಟಿಗೆ. ಅದನ್ನು ತಿ, ಜೊ, ಲೊ ಎಂದು ಬಿಡಿಸಿ, ತ ತೆ ತಿ ತೊ ತು, ಜ ಜೆ ಜಿ ಜೊ ಜು, ಲ ಲೆ ಲಿ ಲೊ ಲು ಎಂದು ಹಲಗೆಯ ಮೇಲೆ ಬರೆದು, ಕಲಿಯುವವರೇ ಹೊಸ ಪದ ಕಟ್ಟುವಂತೆ ಮಾಡುತ್ತಿದ್ದರು. ಇಂಗ್ಲಿಷ್ ವಿವರಣೆಗಳಲ್ಲಿ ಇದಕ್ಕೆ ಪುಟಗಟ್ಟಲೆ ಬೇಕಾಗುತ್ತದೆ. ಕಾಗುಣಿತ ಒಪ್ಪಿಸಿದ ನಮಗೆ ಒಂದು ನೋಟ ಸಾಕು. ಲು ಮತ್ತು ತ ಸೇರಿದರೆ ‘ಲುತ’, ಅಂದರೆ ಹೋರಾಟ: ಕರೋಲಿನಾ ಆ ಮೇ 13ರಂದು ಬಳಸಿದ ಪದ, ಯೂಕ್ಲಿದೆಸ್‌ನ ಮೂರನೆಯ ಭಾಗದ ಹೆಸರು. 1963ರಲ್ಲಿ ಅಂಜಿಕೊಸ್ ಎಂಬ ಊರಿನಲ್ಲಿ ಸುಮಾರು ಮುನ್ನೂರು ಮಂದಿಗೆ 40 ಗಂಟೆಗಳಲ್ಲಿ ಓದು ಕಲಿಸುವ ಪ್ರಯೋಗ ನಡೆದಾಗ, ಓದು ಬಂದವರೆಲ್ಲ ಮತದಾರರಾಗುತ್ತಾರೆಂಬುದು ಭೂಮಾಲೀಕರಿಗೂ ಗೊತ್ತಿತ್ತು. ಮರುವರ್ಷ ಸೇನಾ ದಂಗೆ ನಡೆಯಿತು. ಫ್ರೇರೆ ಜೈಲಿಗೆ, ಅಲ್ಲಿಂದ ದೇಶದಾಚೆಗೆ.

ಮೂಲ ಭಾಷೆಯನ್ನು ನಾನು ಒಂದಿಷ್ಟು ಕಲಿತದ್ದು ಈ ಘಟ್ಟದಲ್ಲಿ. ಮೇಜು, ಅಲಮಾರು, ಚಾವಿ, ಉತ್ತರ ಕರ್ನಾಟಕದವರ ಪಗಾರ, ಇವೆಲ್ಲ ಪೋರ್ಚುಗೀಸಿನಿಂದಲೇ ನಮ್ಮಲ್ಲಿಗೆ ಬಂದವಾದ್ದರಿಂದ ಪಾಠದಲ್ಲಿ ಹಳೆಯ ನೆಂಟರು ಆಗಾಗ ಎದುರಾಗುತ್ತಿದ್ದರು. ಕಾದಂಬರಿ ಓದುವಷ್ಟು ಭಾಷೆ ಬರಲಿಲ್ಲ. ಇಂಗ್ಲಿಷ್ ಅನುವಾದದ ಪಕ್ಕದಲ್ಲಿ ಮೂಲವನ್ನಿಟ್ಟು ಅನುಮಾನ ಬಂದ ಸಾಲನ್ನು ಹುಡುಕುವಷ್ಟು ಬಂತು. ಕಾದಂಬರಿಕಾರ ಜಾರ್ಜ್ ಅಮಾದೊನನ್ನು ರುಚಿಗಾಗಿ ಓದಿದೆ, ಸಂತೋಷಪಟ್ಟೆ. ಆದರೆ ಅವನೊಬ್ಬನನ್ನೇ ಓದಿದವರಿಗೆ ಬ್ರೆಜಿಲ್ ಎಂದರೆ ಲವಂಗ, ದಾಲ್ಚಿನ್ನಿಯ ವಾಸನೆಯಷ್ಟೇ ಆಗಿ ಉಳಿಯುವ ಅಪಾಯವಿದೆ.

1964ರಿಂದ 1985ರ ಸರ್ವಾಧಿಕಾರದ ಕುರಿತು ಹಲವು ಇತಿಹಾಸಗಳನ್ನು ತಿರುವಿದರೂ ನನ್ನಲ್ಲಿ ನಿಂತದ್ದು ಮಾರ್ಸೆಲೊ ರುಬೆನ್ಸ್ ಪಾಯ್ವಾ ತನ್ನ ತಾಯಿಯನ್ನು ಕುರಿತು ಬರೆದ 2015ರ ನೆನಪಿನ ಪುಸ್ತಕ. ಮಾಜಿ ಸಂಸದನಾಗಿದ್ದ ತಂದೆಯನ್ನು 1971ರ ಜನವರಿಯಲ್ಲಿ ರಿಯೋದ ಮನೆಯಿಂದ ಕರೆದೊಯ್ದರು, ಆತ ಹಿಂದಿರುಗಲಿಲ್ಲ. ತಾಯಿ ಯುನಿಸಿ ಕಾನೂನು ಓದಿ ವಕೀಲೆಯಾಗಿ, 1996ರಲ್ಲಿ ಗಂಡನ ಮರಣಪತ್ರವನ್ನು ಪಡೆದಳು. ಇಲ್ಲಿಯೂ ಕೊನೆಗೆ ಒಂದು ಕಾಗದ.

ಇತಮಾರ್ ವಿಯೆರಾ ಜೂನಿಯರ್‌ನ ‘ಸೊಟ್ಟ ನೇಗಿಲು’ ನನಗೆ ಸಿಕ್ಕಿದ್ದು ಅದರ ಇಂಗ್ಲಿಷ್ ಅನುವಾದ 2024ರ ಅಂತರರಾಷ್ಟ್ರೀಯ ಬುಕರ್‌ನ ಅಂತಿಮ ಪಟ್ಟಿಗೆ ಬಂದಾಗ. ಮರುವರ್ಷ ಆ ಪ್ರಶಸ್ತಿ ಬಾನು ಮುಷ್ತಾಕರ ಕನ್ನಡ ಕಥೆಗಳಿಗೆ ಬಂತು. ಬಾಯಿಯಾ ರಾಜ್ಯದ ಒಂದು ಜಮೀನಿನಲ್ಲಿ ಗುಲಾಮರ ವಂಶಜರು ಕೂಲಿಯಿಲ್ಲದೆ, ಇರಲು ಜಾಗ ಸಿಕ್ಕಿದ್ದಕ್ಕೇ ದುಡಿಯುತ್ತಾರೆ. ಮಣ್ಣಿನ ಮನೆ ಕಟ್ಟಿಕೊಳ್ಳಬಹುದು, ಇಟ್ಟಿಗೆಯದು ಕೂಡದು, ಏಕೆಂದರೆ ಇಟ್ಟಿಗೆ ಎಷ್ಟು ಕಾಲದಿಂದ ಇದ್ದೀರಿ ಎಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಆ ಪುಟವನ್ನು ನಾನು ಓದಿದ್ದು ಬ್ರೆಜಿಲ್ ರೂಮಿನಲ್ಲಿ ಕುಳಿತು. ಕಿಟಕಿಯಾಚೆ ಪಕ್ಕದ ದೊಡ್ಡ ತೋಟದ ಕೂಲಿಕಾರರ ಲೈನ್ ಮನೆಗಳು ಕಾಣುತ್ತಿದ್ದವು.

ಈಗ ಓದುತ್ತಿರುವುದು ಯಾನೊಮಾಮಿ ಬುಡಕಟ್ಟಿನ ದಾವಿ ಕೊಪೆನಾವಾ ತನ್ನ ಭಾಷೆಯಲ್ಲಿ ಹೇಳಿ, ಮಾನವಶಾಸ್ತ್ರಜ್ಞ ಬ್ರೂಸ್ ಆಲ್ಬರ್ಟ್ ಬರೆದುಕೊಂಡ ಬೃಹತ್ ಗ್ರಂಥ. ಬಿಳಿಯರು ಮರೆಗುಳಿಗಳಾದ್ದರಿಂದಲೇ ಮಾತನ್ನು ಕಾಗದದ ಚರ್ಮದ ಮೇಲೆ ಗೀಚಿಡುತ್ತಾರೆ ಎನ್ನುತ್ತಾನೆ ಆತ. ನನ್ನ ಪ್ರಶ್ನೆಯನ್ನೇ ಬುಡಮೇಲು ಮಾಡುವ ಈ ಮಾತಿನ ಎದುರು ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ಏನೂ ಬರೆದಿಲ್ಲ. ಅಪ್ಪನಿಗೆ ಅದರ ಬದಲು ವಿತೋರಿಯಾಳ ಬೀಜದ ಲೆಕ್ಕವನ್ನು ಹೇಳಿದೆ. ಕೊನೆಯವರೆಗೆ ಕೇಳಿಸಿಕೊಂಡು, ‘ಬಡ್ಡಿ ಎಷ್ಟು ಹಾಕಿದ್ದನಂತೆ?’ ಎಂದರು. ನಾನು ಎದ್ದು ಪುಸ್ತಕ ತಂದು ಪುಟ ಹುಡುಕತೊಡಗಿದೆ.