ಬಿಸಿಲು ಬಾರದ ಅಡುಗೆಮನೆಯಲ್ಲಿ ಕೊತ್ತಂಬರಿ: ಯಾವ ಸಿಎಫ್‌ಎಲ್, ಎಷ್ಟು ಎತ್ತರದಲ್ಲಿ?

ಪಕ್ಕದ ಸೈಟಿನವರು ನಾಲ್ಕನೇ ಮಹಡಿ ಎಬ್ಬಿಸಿ ನಿಮ್ಮ ಅಡುಗೆಮನೆ ಕಿಟಕಿಯ ಬಿಸಿಲು ನಿಂತುಹೋಗಿದ್ದರೆ, ಅಲ್ಲಿ ಬಿತ್ತಿದ ಕೊತ್ತಂಬರಿಯ ಗತಿ ಗೊತ್ತೇ ಇರುತ್ತದೆ. ದಾರದಂಥ ಬಿಳಿಚಿದ ಕಾಂಡ, ತುದಿಯಲ್ಲಿ ಎರಡು ಎಲೆ, ವಾರ ಕಳೆಯುವಷ್ಟರಲ್ಲಿ ಮಣ್ಣಿಗೆ ಒರಗಿಬಿಡುತ್ತದೆ. ಇದಕ್ಕೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ, ಕೊರತೆ ಬೆಳಕಿನದು. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಟ್ರೇ ಆದರೆ 23 ವ್ಯಾಟ್‌ನ ಎರಡು ಸಿಎಫ್‌ಎಲ್ (ಗಾಜಿನ ಸುರುಳಿ ಕೊಳವೆಯ ಬಲ್ಬು) ಸಾಕು.

ಹೊಸದಾಗಿ ದುಡ್ಡು ಕೊಟ್ಟು ತರುವುದಾದರೆ ಎಲ್‌ಇಡಿಯೇ ತನ್ನಿ. 9 ವ್ಯಾಟ್‌ನ ಮೂರು ಎಲ್‌ಇಡಿ ಬಲ್ಬು ಈ ಎರಡು ಸಿಎಫ್‌ಎಲ್‌ಗಳಷ್ಟೇ ಕೆಲಸ ಮಾಡುತ್ತವೆ, ಕರೆಂಟು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ ಮಿನಮಾಟಾ ಒಪ್ಪಂದದ ದೇಶಗಳು ಒಳಗೆ ಪಾದರಸವಿರುವ 30 ವ್ಯಾಟ್‌ವರೆಗಿನ ಸಿಎಫ್‌ಎಲ್‌ಗಳ ತಯಾರಿಕೆ, ಆಮದು ನಿಲ್ಲಿಸಲು 2025ರ ಗಡುವನ್ನೂ ಹಾಕಿಕೊಂಡಿದ್ದವು. ಆದರೆ ಮನೆಯ ಅಟ್ಟದ ಮೇಲೆ ನಾಲ್ಕಾರು ಸಿಎಫ್‌ಎಲ್ ಬಿದ್ದಿದ್ದರೆ, ಅಥವಾ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಹಳೇ ಸ್ಟಾಕ್ ಅಗ್ಗಕ್ಕೆ ಸಿಕ್ಕರೆ, ಬಿಸಾಡುವ ಬದಲು ಸೊಪ್ಪು ಬೆಳೆಯಬಹುದು. ಅಂಗಡಿಯಲ್ಲೇ ಉರಿಸಿ ನೋಡಿ. ಗಾಜಿನ ಕೊಳವೆ ಬುಡದ ಪ್ಲಾಸ್ಟಿಕ್ಕಿಗೆ ಸೇರುವ ಜಾಗ ಕಪ್ಪಾಗಿದ್ದರೆ ಅದು ಬಳಸಿ ಬಿಟ್ಟ ಬಲ್ಬು, ಬೇಡ.

ಡಬ್ಬಿಯ ಮೇಲೆ ದೊಡ್ಡದಾಗಿ ‘100 ವ್ಯಾಟ್‌ಗೆ ಸಮ’ ಎಂದಿರುತ್ತದೆ. ಅದು ಹಳೇ ಬುರುಡೆ ಬಲ್ಬಿನ ಹೋಲಿಕೆ, ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ. ನೋಡಬೇಕಾದ್ದು ಸಣ್ಣ ಅಕ್ಷರದ ಎರಡು ಸಂಖ್ಯೆ. ಮೊದಲನೆಯದು ಲ್ಯೂಮೆನ್, ಬಲ್ಬು ಕೊಡುವ ಒಟ್ಟು ಬೆಳಕು: 23 ವ್ಯಾಟ್‌ನದಕ್ಕೆ 1,400ರ ಆಸುಪಾಸು ಇರಬೇಕು. ಎರಡನೆಯದು ಕೆಲ್ವಿನ್, ಬೆಳಕಿನ ಬಣ್ಣ: ಸೊಪ್ಪಿಗೆ 6500, ಅಂದರೆ ನೀಲಿ ಛಾಯೆಯ ಬಿಳಿ ಬೆಳಕು. ಇದರಲ್ಲಿ ಗಿಡ ಗಿಡ್ಡವಾಗಿ, ಒತ್ತಾಗಿ ಬರುತ್ತದೆ. 2700ರ ಹಳದಿ ಬಲ್ಬಿನಡಿ ಕಾಂಡ ಎಳೆದುಕೊಳ್ಳುವುದು ಹೆಚ್ಚು. ಸಿಎಫ್‌ಎಲ್ ಕೃಷಿಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಬರಹಗಳು ಹೆಚ್ಚಾಗಿ ಹೊರದೇಶದ ಗಾಂಜಾ ಬೆಳೆಗಾರರವು. ಗಾಂಜಾ ಬೆಳೆಯುವುದು ನಮ್ಮಲ್ಲಿ 1985ರ ಮಾದಕವಸ್ತು ತಡೆ (ಎನ್‌ಡಿಪಿಎಸ್) ಕಾಯ್ದೆಯಡಿ ಅಪರಾಧ. ಅಲ್ಲಿ ಹಳದಿ ಬಲ್ಬು ಹಾಕಿ ಎನ್ನುವುದು ಹೂವಿಗಾಗಿ, ನಮಗೆ ಬೇಕಿರುವುದು ಎಲೆ. ಆ ಸಲಹೆಯನ್ನು ಕೊತ್ತಂಬರಿಗೆ ಅಂಟಿಸಬೇಡಿ.

ಇನ್ನು ಎತ್ತರ. ಬಲ್ಬಿನ ವ್ಯಾಟ್‌ಗಿಂತ ಇದೇ ಮುಖ್ಯ, ಎಲ್ಲರೂ ಎಡವುವುದೂ ಇಲ್ಲೇ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಬರೀ ಒಂದು ಬಲ್ಬಿನಿಂದ 15 ಸೆಂ.ಮೀ. ದೂರದಲ್ಲಿ ಸುಮಾರು 5,000 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಸಿಕ್ಕರೆ, 30 ಸೆಂ.ಮೀ.ಗೆ ಸಾವಿರದ ಚಿಲ್ಲರೆ. ಸೀಲಿಂಗಿನ ಬಲ್ಬಿನ ಕೆಳಗೆ ಕುಂಡ ಇಟ್ಟು ‘ಬೆಳಕಿದೆಯಲ್ಲ’ ಎನ್ನುವವರ ಗಿಡ ಯಾಕೆ ಸೊರಗುತ್ತದೆ ಎಂಬುದು ಇದರಲ್ಲೇ ಇದೆ. ಎಲೆಯ ತುದಿಯಿಂದ ಬಲ್ಬಿಗೆ 10ರಿಂದ 15 ಸೆಂ.ಮೀ. ಇರಲಿ, ಅಂದರೆ ಸುಮಾರು ಒಂದು ಗೇಣಿಗಿಂತ ಕಡಿಮೆ. ಎಲೆಯ ಮಟ್ಟದಲ್ಲಿ ಅಂಗೈ ಕೆಳಗೆ ಮಾಡಿ ಅರ್ಧ ನಿಮಿಷ ಹಿಡಿಯಿರಿ. ಕೈಯ ಹಿಂಬದಿಗೆ ಸುಡುವ ಹಾಗಾದರೆ ಒಂದೆರಡು ಬೆರಳು ಮೇಲೇರಿಸಿ. ಗಿಡ ಬೆಳೆದಂತೆ ಬಲ್ಬೂ ಮೇಲೆ ಹೋಗಬೇಕು, ಹಾಗಾಗಿ ಹಗ್ಗಕ್ಕೆ ಗಂಟು ಬಿಗಿದು ಕೂರಿಸದೆ ಎಸ್ ಆಕಾರದ ಕೊಕ್ಕೆ, ಸರಪಳಿ ಬಳಸಿ.

ಬಲ್ಬನ್ನು ನೇರ ಕೆಳಮುಖವಾಗಿ ಇಳಿಬಿಡುವುದೂ ನಷ್ಟವೇ. ಸುರುಳಿ ಬಲ್ಬಿನ ಬೆಳಕು ಹೆಚ್ಚಾಗಿ ಬದಿಯಿಂದ ಬರುತ್ತದೆ, ತುದಿಯಿಂದಲ್ಲ. ಆದ್ದರಿಂದ ಹಲಗೆಗೆ ಎರಡು ಹೋಲ್ಡರ್ ಎದುರುಬದುರು ಕೂರಿಸಿ, ಬಲ್ಬುಗಳು ಅಡ್ಡಲಾಗಿ ಮಲಗುವಂತೆ ಮಾಡಿ. ಮೇಲೆ ಮತ್ತು ಮೂರು ಬದಿಗೆ ಬಿಳಿ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ನಿಲ್ಲಿಸಿದರೆ, ಗೋಡೆಗೆ ಹೋಗುತ್ತಿದ್ದ ಬೆಳಕು ಟ್ರೇಗೆ ಮರಳಿ ಒಟ್ಟು 10,000 ಲಕ್ಸ್ ಹತ್ತಿರ ಬರುತ್ತದೆ. ಕೊತ್ತಂಬರಿ, ಮೆಂತ್ಯ ಸೊಪ್ಪಿಗೆ ಅಷ್ಟು ನಡೆಯುತ್ತದೆ. ಸುಕ್ಕಾದ ಅಲ್ಯೂಮಿನಿಯಂ ಹಾಳೆಗಿಂತ ಸಾದಾ ಬಿಳಿ ಬಣ್ಣ ಮೇಲು. ಅಳೆಯಲು ಫೋನಿನ ಲಕ್ಸ್ ಆ್ಯಪ್ ಸಾಕು, ಆದರೆ ಸೆನ್ಸರ್ ಇರುವುದು ಮುಂಭಾಗದಲ್ಲಿ, ಕಿವಿಗಿಡುವ ಸ್ಪೀಕರ್ ಪಕ್ಕ. ಪರದೆ ಮೇಲೆ ಮಾಡಿ ಟ್ರೇಯಲ್ಲಿ ಮಲಗಿಸಿ, ನಡುವೆ ಒಮ್ಮೆ, ಮೂಲೆಯಲ್ಲಿ ಒಮ್ಮೆ ಓದಿ. ಟೊಮ್ಯಾಟೊ, ಮೆಣಸಿನಕಾಯಿಗೆ ಈ ಬೆಳಕು ಸಾಲುವುದಿಲ್ಲ. ಸಸಿ ಮಾಡಿಕೊಂಡು ತಾರಸಿಗೆ ಒಯ್ಯಿರಿ.

ಧನಿಯಾ ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಮೊಳಕೆ ಕಾಣಲು ಎಂಟು ಹತ್ತು ದಿನ. ಮಣ್ಣು ಬಿರಿದು ಮೊದಲ ಹಸಿರು ಕಂಡ ದಿನವೇ ಬಲ್ಬು ಹಾಕಬೇಕು. ಎರಡು ದಿನ ತಡವಾದರೂ ಕಾಂಡ ಎಳೆದುಕೊಂಡುಬಿಡುತ್ತದೆ, ಆಮೇಲೆ ಅದು ಗಿಡ್ಡವಾಗುವುದಿಲ್ಲ.

ದಿನಕ್ಕೆ 12 ಗಂಟೆ ಬೆಳಕು ಕೊಡಿ. ‘ಇನ್ನೂ ಚೆನ್ನಾಗಿ ಬರಲಿ’ ಎಂದು 16 ಗಂಟೆ ಉರಿಸಿದರೆ ಕೊತ್ತಂಬರಿ ದಿನ ಉದ್ದವಾಯಿತೆಂದುಕೊಂಡು ಬೇಗ ಹೂವಿಗೆ ಹೋಗುತ್ತದೆ. ಪಾಲಕ್ಕಿಗೂ ಅದೇ ಚಾಳಿ. ಕೈಯಿಂದ ಆನ್, ಆಫ್ ಮಾಡುವುದು ಮೂರು ದಿನದ ಉತ್ಸಾಹ, ಆದ್ದರಿಂದ ಸಾಕೆಟ್ಟಿಗೆ ಸಿಕ್ಕಿಸುವ ಟೈಮರ್ ಹಾಕಿ. ತಿರುಗುವ ಮುಳ್ಳಿನ ಟೈಮರ್ ಕರೆಂಟು ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸರಿಮಾಡಿ. ಬೆಳಕು ಏರಿಳಿಸುವ ಡಿಮ್ಮರ್ ಇರುವ ಪಾಯಿಂಟಿಗೆ ಮಾತ್ರ ಸಿಎಫ್‌ಎಲ್ ಸಿಕ್ಕಿಸಬೇಡಿ, ಒಳಗಿನ ಸರ್ಕ್ಯೂಟ್ ಕೆಡುತ್ತದೆ. ವೈರು ಸಾಕೆಟ್ಟಿಗೆ ಸೇರುವ ಮೊದಲು ಸ್ವಲ್ಪ ಕೆಳಗೆ ಜೋತು ಬಿದ್ದಿರಲಿ. ನೀರು ವೈರಿನ ಮೇಲೆ ಹರಿದರೂ ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್ಗಿಗೆ ಇಳಿಯುವುದಿಲ್ಲ. ನೀರು ಚಿಮುಕಿಸುವುದು ಬಲ್ಬು ಆರಿಸಿದ ಮೇಲೆಯೇ.

ಖರ್ಚು: 46 ವ್ಯಾಟ್, 12 ಗಂಟೆ, 30 ದಿನ ಎಂದರೆ ಹದಿನಾರೂವರೆ ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ ನೂರು ರೂಪಾಯಿ. ಗೃಹಜ್ಯೋತಿ ಇರುವವರು ಮೊದಲು ಬೆಸ್ಕಾಂ ಬಿಲ್ ನೋಡಿಕೊಳ್ಳಿ. ನೀವು ಈಗಾಗಲೇ 190ರ ಹತ್ತಿರ ಇದ್ದರೆ ಈ ಹದಿನಾರು ಸೇರಿ 200 ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಷ್ಟು ದುಬಾರಿ ಕೊತ್ತಂಬರಿ ಯಾರಿಗೆ ಬೇಕು!

ಸಿಎಫ್‌ಎಲ್ ಉರಿಯುತ್ತಲೇ ಮಂಕಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಕಿದ ತಾರೀಖನ್ನು ಬುಡದ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟು, ವರ್ಷ ತುಂಬಿದ ಮೇಲೆ ಬದಲಿಸಿ. ತೆಗೆದದ್ದು ಕಾರಿಡಾರಿಗೆ ಚೆನ್ನಾಗಿಯೇ ಉರಿಯುತ್ತದೆ. ಒಡೆದರೆ ಕಿಟಕಿ ತೆರೆದು ಕಾಲು ಗಂಟೆ ಎಲ್ಲರೂ ಹೊರಗಿರಿ. ಆಮೇಲೆ ಪೊರಕೆ, ವ್ಯಾಕ್ಯೂಮ್ ಮುಟ್ಟದೆ, ರಟ್ಟಿನಿಂದ ಚೂರು ಬಾಚಿ, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಒಳಗೆ ಪಾದರಸ ಇರುವುದರಿಂದ ಅದು ಒಣ ಕಸದ ಚೀಲಕ್ಕಲ್ಲ, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ. ಚೂರು ಟ್ರೇಯ ಮೇಲೇ ಬಿದ್ದಿದ್ದರೆ ಸೊಪ್ಪು, ಮಣ್ಣು ಎರಡನ್ನೂ ಹಾಗೇ ಕಟ್ಟಿ ಅವರಿಗೇ ಕೊಡಿ, ಸಾರಿಗೆ ಹಾಕಬೇಡಿ.